ನೆಲ ಜಾರಿದ್ದು ನನಗೆ ಗೊತ್ತಾಗಲಿಲ್ಲ

ಬ್ರಹ್ಮಾವರದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಮಕ್ಕಳು ನನ್ನನ್ನು ಬೆನ್ನ ಹಿಂದೆ ‘ಭೂಕಂಪ ಮೇಷ್ಟ್ರು’ ಎಂದು ಕರೆಯುತ್ತಿದ್ದರು. ನಾನು ತರಗತಿಗೆ ಕಾಲಿಟ್ಟರೆ ನೆಲ ನಡುಗುತ್ತದೆ ಎಂಬ ಅರ್ಥದಲ್ಲಿ ಹಾಗೆ ಕರೆಯುತ್ತಾರೆ ಎಂದು ತಿಳಿದು ಬಹಳ ಕಾಲ ಒಳಗೊಳಗೇ ಹಿಗ್ಗಿದ್ದೆ. ಬೆಳಕಿನ ಪಾಠವಿರಲಿ, ಬಾಳೆಗಿಡದ ಪಾಠವಿರಲಿ, ನಾನು ಹಿಡಿದದ್ದೆಲ್ಲ ಕೊನೆಗೆ ಭೂಕಂಪದಲ್ಲೇ ಮುಗಿಯುತ್ತಿತ್ತು, ಅದಕ್ಕೇ ಆ ಹೆಸರು ಎಂದು ನಮ್ಮ ಕನ್ನಡ ಪಂಡಿತರು ಒಂದು ದಿನ ಚಹಾ ಕುಡಿಯುತ್ತ ಹೇಳಿಬಿಟ್ಟರು. ನನಗೆ ಸಿಟ್ಟು ಬಂತು. ಅವರ ಚಹಾದ ದುಡ್ಡನ್ನು ಅವತ್ತು ನಾನು ಕೊಡಲಿಲ್ಲ.

ನನ್ನ ಮದುವೆಯಾದದ್ದು ನಮ್ಮ ಕರಾವಳಿಯಲ್ಲಿ ಹೊಸ ರೈಲು ಓಡಲು ಶುರುವಾದ ವರ್ಷ. ಹುಡುಗಿಯ ಮನೆ ಬೈಂದೂರಿನ ಕಡೆ, ಕಡಲಿನ ಪಕ್ಕದಲ್ಲೇ. ಅವಳ ತಾಯಿಯದು ಒಣಮೀನಿನ ವ್ಯಾಪಾರ. ನನ್ನ ಶಾಲೆ ದಕ್ಷಿಣಕ್ಕೆ, ಅವಳ ತಾಯಿಮನೆ ಉತ್ತರಕ್ಕೆ. ಯಾರಿಗೂ ಅನ್ಯಾಯವಾಗದಿರಲಿ ಎಂದು ನಡುವಿನ ಕುಂದಾಪುರದಲ್ಲಿ ಒಂದು ಬಾಡಿಗೆ ಮನೆ ಹಿಡಿದೆ. ಇಬ್ಬರಿಗೂ ಸಮಾನ ದೂರ ಎಂದು ಮಾವನ ಕಡೆಯವರ ಮುಂದೆ ಹೆಮ್ಮೆಯಿಂದ ಹೇಳಿದ್ದೆ. ಆ ಮನೆ ಇಬ್ಬರಿಗೂ ಸಮಾನ ದೂರವೇ ಆಯಿತು.

ನಮ್ಮದು ಅಳಿಯಕಟ್ಟಿನ ಕುಟುಂಬ. ಆಸ್ತಿ, ಮನೆತನ ಎಲ್ಲ ಹೆಣ್ಣಿನ ಕಡೆಯಿಂದ ಬರುವುದು. ಮದುವೆಯಾದ ಹೆಣ್ಣಿಗೂ ತಾಯಿಮನೆಯಲ್ಲಿ ಪಾಲಿದೆ, ಮಾತಿದೆ, ಒಂದು ಕೋಣೆಯಿದೆ. ಕಾಗದದ ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಕಾಲು ಮಾತ್ರ ಹಳೆಯ ದಾರಿಯಲ್ಲೇ ನಡೆಯುತ್ತದೆ. ನನ್ನ ಅಪ್ಪ ವಾರವೆಲ್ಲ ಅವರ ಅಕ್ಕತಂಗಿಯರ ಮನೆಯಲ್ಲಿದ್ದು, ಶನಿವಾರ ಸಂಜೆ ಒಂದು ಕಟ್ಟು ಬಂಗುಡೆ ಹಿಡಿದು ನಮ್ಮ ಅಮ್ಮನ ಮನೆಗೆ ಬರುತ್ತಿದ್ದರು. ಸೋಮವಾರ ಬೆಳಿಗ್ಗೆ ಹೊರಟುಬಿಡುತ್ತಿದ್ದರು. ಗಂಡ ಎಂದರೆ ಹೀಗೆ ಬಂದು ಹೋಗುವವನು, ಹೆಂಡತಿ ಎಂದರೆ ತಾಯಿಮನೆಯಲ್ಲಿ ಇರುವವಳು ಎಂಬುದು ನನಗೆ ಮೊಲೆಹಾಲಿನ ಜೊತೆಗೇ ಬಂದ ತಿಳಿವಳಿಕೆ. ಬೇರೆ ಕಡೆಯ ಗಂಡಸಿಗೆ ಹೆಂಡತಿ ಮೂರು ದಿನ ಮನೆಯಲ್ಲಿಲ್ಲದಿದ್ದರೆ ಎದೆ ಧಸಕ್ಕೆನ್ನಬಹುದು. ನನಗೆ ಅದೊಂದು ಊಟದ ಚಿಂತೆ, ಅಷ್ಟೇ.

ಆಸಾಡಿಯಲ್ಲಿ, ಅಂದರೆ ಆಷಾಢ ಮಾಸದಲ್ಲಿ, ಹೊಸ ಮದುಮಗಳು ತಾಯಿಮನೆಗೆ ಹೋಗುವುದು ರೂಢಿ. ಮೊದಲ ವರ್ಷ ಹೋದಳು. ಎರಡನೆಯ ವರ್ಷವೂ ಹೋದಳು, ಮಳೆಗೆ ಒಣಮೀನು ಹಾಳಾಗುತ್ತದೆ, ಅಮ್ಮನಿಗೆ ಕೈ ಬೇಕು ಎಂದು. ಆಮೇಲೆ ಕೇಳುವುದೇ ಬೇಡವಾಯಿತು. ಆಕಾಶ ಕಪ್ಪಾದರೆ ಅವಳು ಕಪಾಟಿನ ಮೇಲಿನಿಂದ ಕಂದು ಬಣ್ಣದ ದೊಡ್ಡ ಚೀಲ ಇಳಿಸುವಳು. ನಾನು ಒಳ್ಳೆಯ ಗಂಡ. ಚೀಲ ಹೊತ್ತು ಬಸ್ ನಿಲ್ದಾಣಕ್ಕೆ ಹೋಗಿ, ಬೈಂದೂರು ಬಸ್ಸಿಗೆ ಹತ್ತಿಸಿ, ಸೀಟು ಹಿಡಿದುಕೊಟ್ಟು, ಕೈ ಬೀಸಿ ಬರುತ್ತಿದ್ದೆ. ವಾಪಸು ಬರುವ ದಿನವೂ ನಿಲ್ದಾಣಕ್ಕೆ ಹೋಗಿ ಚೀಲ ಇಳಿಸಿಕೊಳ್ಳುತ್ತಿದ್ದೆ. ಹೋಗುವಾಗ ಎಷ್ಟು ಭಾರವೋ ಬರುವಾಗಲೂ ಅಷ್ಟೇ ಭಾರ. ಹೋಗುವಾಗ ಅದರಲ್ಲಿ ಅವಳ ಸೀರೆ, ಪಾತ್ರೆ, ಪುಸ್ತಕ ಇರುತ್ತಿದ್ದವು. ಬರುವಾಗ ಒಣ ಸಿಗಡಿ, ಹಲಸಿನ ಹಪ್ಪಳ, ಕೊಬ್ಬರಿ ಎಣ್ಣೆ. ತೂಕ ಸರಿಯಿದ್ದ ಮೇಲೆ ಲೆಕ್ಕ ಸರಿಯಿದೆ ಎಂದುಕೊಳ್ಳುವ ವಿಜ್ಞಾನದ ಮೇಷ್ಟ್ರು ನಾನು.

ನಮಗೆ ಮಕ್ಕಳಾಗಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗಿಬಂದೆವು, ದೇವಸ್ಥಾನಗಳಿಗೂ ಹೋದೆವು. ಆಮೇಲೆ ಎರಡೂ ಕಡೆ ಹೋಗುವುದನ್ನು ನಿಲ್ಲಿಸಿದೆವು. ನಿಲ್ಲಿಸೋಣ ಎಂದು ಯಾರೂ ಹೇಳಲಿಲ್ಲ. ಮಗುವಿಗೆಂದು ಮನಸ್ಸಿನಲ್ಲೇ ಬಿಟ್ಟಿದ್ದ ಸಣ್ಣ ಕೋಣೆಯಲ್ಲಿ ನಾನು ಉತ್ತರಪತ್ರಿಕೆಗಳ ಕಟ್ಟು ಇಡಲು ಶುರುಮಾಡಿದೆ. ಅವಳು ಅದನ್ನು ನೋಡಿ ಕೋಣೆಯ ಬಾಗಿಲು ಎಳೆದುಕೊಂಡಳು. ಆ ಕಾಲದಲ್ಲಿ ನನಗೂ ದುಃಖವಿತ್ತು. ದುಃಖವನ್ನು ಏನು ಮಾಡಬೇಕು ಎಂದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಸುಮಾತ್ರಾದ ಕಡಲಡಿಯ ನೆಲ ಬಿರಿದು ಆ ದೊಡ್ಡ ಅಲೆ ಬಂತು. ತಮಿಳುನಾಡಿನ ತೀರದಲ್ಲಿ ಜನ ಹೋದರು, ಅಲೆ ಕೇರಳದವರೆಗೂ ಸುತ್ತಿ ಬಂತು. ನಮ್ಮಲ್ಲಿ ಕೆಲವರು ಕಡಲಿಗೆ ಬೆನ್ನು ಹಾಕಿ ಕೂರಲೂ ಹೆದರಿದರು. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, ಸುನಾಮಿ ಎಂದರೇನು ಎಂದು ಪ್ರಾರ್ಥನೆಯ ಹೊತ್ತಿಗೆ ಎರಡು ಮಾತು ಹೇಳಿ ಎಂದರು. ನಾನು ಅವತ್ತು ಮೊದಲ ಪೀರಿಯಡ್ ಪೂರ್ತಿ ನುಂಗಿದೆ. ಮುಂದಿನ ವಾರ ಪಕ್ಕದ ಶಾಲೆಯವರು ಕರೆದರು. ಆಮೇಲೆ ಯುವಕ ಮಂಡಲದವರು ಕರೆದು ಶಾಲು ಹೊದಿಸಿದರು. ಮೈಕಿನ ಮುಂದೆ ನನ್ನ ದನಿ ನನಗೇ ಇಷ್ಟವಾಯಿತು. ಮನೆಯಲ್ಲಿ ಮಾತಾಡಲಾರದವನಿಗೆ ಊರೆಲ್ಲ ಮಾತಾಡಲು ಒಂದು ವಿಷಯ ಸಿಕ್ಕಿತ್ತು.

ಕುಂದಾಪುರದ ಬಸ್ ನಿಲ್ದಾಣದ ಪಕ್ಕದ ಸೈಬರ್ ಕೆಫೆಯಲ್ಲಿ ನನಗೊಂದು ಮೂಲೆಯ ಕಂಪ್ಯೂಟರ್ ಖಾಯಂ ಆಯಿತು. ಅಲ್ಲೇ ನಾನು ಸಬ್‌ಡಕ್ಷನ್ ವಲಯಗಳ ಬಗ್ಗೆ ಓದಿದ್ದು. ಕಡಲಡಿಯ ನೆಲದ ಹಾಸು ಭೂಖಂಡದ ಹಾಸಿನ ಅಡಿಗೆ ನುಗ್ಗುವ ಜಾಗಗಳಿವು. ನುಗ್ಗುವಾಗ ಎರಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಕೆಳಗಿನದು ಸರಿಯಬೇಕು, ಮೇಲಿನದು ಬಿಡುವುದಿಲ್ಲ. ನೂರಾರು ವರ್ಷ ಒತ್ತಡ ಕೂಡಿ ಒಂದು ದಿನ ಹಿಡಿತ ತಪ್ಪಿದರೆ ಭೂಕಂಪ, ಅದರ ಹಿಂದೆ ಅಲೆ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು ಇತ್ತು.

ಕೆನಡಾದ ಪಡುವಣ ತೀರದಲ್ಲಿ, ಜಪಾನಿನಲ್ಲಿ, ನ್ಯೂಜಿಲೆಂಡಿನಲ್ಲಿ ನೆಲಕ್ಕೆ ಜಿಪಿಎಸ್ ಯಂತ್ರ ನೆಟ್ಟು ನೋಡುತ್ತಿದ್ದ ವಿಜ್ಞಾನಿಗಳಿಗೆ ಒಂದು ವಿಚಿತ್ರ ಕಂಡಿತ್ತು. ಯಾವಾಗಲೂ ಒಳನಾಡಿನ ಕಡೆಗೆ ಒತ್ತಿಕೊಂಡು ಸರಿಯುವ ನೆಲ, ಆಗೊಮ್ಮೆ ಈಗೊಮ್ಮೆ ಕೆಲವು ವಾರಗಳ ಕಾಲ ತಿರುಗಿ ಕಡಲಿನ ಕಡೆಗೆ ಸರಿಯುತ್ತದೆ. ಸರಿಯುವುದು ಒಂದು ಅಕ್ಕಿಕಾಳಿನಷ್ಟು. ಯಾರ ಪಾತ್ರೆಯೂ ಅಲುಗುವುದಿಲ್ಲ, ಯಾರ ನಿದ್ದೆಯೂ ಕೆಡುವುದಿಲ್ಲ. ಒಂದೇ ಏಟಿಗೆ ಆಗಿದ್ದರೆ ಊರುಗಳನ್ನು ಕೆಡವಬಹುದಾಗಿದ್ದ ಜಾರಾಟ ವಾರಗಟ್ಟಲೆ ಸದ್ದಿಲ್ಲದೆ ಆಗಿಹೋಗುತ್ತದೆ. ಕೆನಡಾದ ಆ ತೀರದಲ್ಲಂತೂ ಹೆಚ್ಚುಕಡಿಮೆ ವರ್ಷಕ್ಕೊಂದು ಸಲ, ಹೇಳಿ ಕಳಿಸಿದ ಹಾಗೆ ಬರುತ್ತದೆ. ಇದಕ್ಕೆ ಅವರು ಇಟ್ಟ ಹೆಸರನ್ನು ನಾನು ‘ನಿಧಾನ ಜಾರಿಕೆ’ ಎಂದು ಕನ್ನಡ ಮಾಡಿಕೊಂಡೆ. ನನಗೆ ಹುಚ್ಚೇ ಹಿಡಿಯಿತು. ಗರಗಸದ ಹಲ್ಲಿನಂತೆ ಏರಿ ಇಳಿಯುವ ಆ ನಕ್ಷೆಗಳನ್ನು ಪ್ರಿಂಟ್ ತೆಗೆಸಿ, ಉದ್ದಕ್ಕೆ ಅಂಟಿಸಿ, ಮನೆಯ ಗೋಡೆಗೆ ಹಚ್ಚತೊಡಗಿದೆ.

ಒಂದು ಸಂಜೆ ಊಟಕ್ಕೆ ಕೂತಾಗ ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. ಅವಳು ಮೀನಿನ ಮುಳ್ಳು ಬಿಡಿಸುತ್ತ ಕೇಳಿದಳು.

“ಹಾಂಗಾರೆ ಅದ್ ಒಳ್ಳೇದಾ, ಕೆಟ್ಟದ್ದಾ?”

“ಅದೇ ಯಾರಿಗೂ ಗೊತ್ತಿಲ್ಲ ಮಾರಾಯ್ತಿ,” ಎಂದೆ ಉತ್ಸಾಹದಿಂದ. “ಜಾರಿದ ಜಾಗದಲ್ಲಿ ಒತ್ತಡ ಕಡ್ಮೆ ಆತ್ತ್. ಆದ್ರೆ ಪಕ್ಕದಲ್ಲಿ ಕಚ್ಚಿಕಂಡ ಜಾಗ ಇತ್ತಲ್ಲ, ಅದ್ರ ಮೇಲೆ ಭಾರ ಜಾಸ್ತಿ ಆತ್ತ್. ದೊಡ್ಡ ಭೂಕಂಪ ತಪ್ಪ್ಸುಕೂ ಸಾಕ್, ಬರ್ಸುಕೂ ಸಾಕ್.”

“ಯಾರಾರೂ ಕೇಂಬುಕೆ ಆತಿಲ್ಯಾ?”

“ಯಾರ್ನ ಕೇಂಬುದ್? ಭೂಮಿನಾ?” ಎಂದು ನಾನು ಜೋರಾಗಿ ನಕ್ಕೆ. ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಮರುದಿನ, ಯಾರಾದರೂ ಕೇಳಬಾರದೇ ಎಂಬ ಅವಳ ಪ್ರಶ್ನೆಯನ್ನು ಶಾಲೆಯಲ್ಲಿ ತಮಾಷೆಯಾಗಿ ಹೇಳಿ ಪಂಡಿತರನ್ನೂ ನಗಿಸಿದೆ.

ಮಳೆಗಾಲದ ಮೊದಲು ಅವಳ ಊರಿನಲ್ಲಿ ದೋಣಿಗಳನ್ನು ಕಡಲಿನಿಂದ ಎಳೆದು ತೆಂಗಿನ ಸಾಲಿನವರೆಗೆ ತರುತ್ತಾರೆ. ಅವತ್ತು ಮನೆಗೆ ಬಂದ ಅಳಿಯನೂ ಹಗ್ಗಕ್ಕೆ ಕೈ ಹಚ್ಚಬೇಕು. ಒಂದು ವರ್ಷ ನಾನೂ ಹಗ್ಗ ಹಿಡಿದೆ. ಒದ್ದೆ ಮರಳಿನಲ್ಲಿ ಕೂತ ದೋಣಿ ಎಷ್ಟು ಎಳೆದರೂ ಕದಲಲಿಲ್ಲ. ಎಲ್ಲರೂ ಒಟ್ಟಿಗೆ ಕೂಗು ಹಾಕಿ ಜಗ್ಗಿದಾಗ ಅದು ಒಮ್ಮೆಲೇ ಮುಂದಕ್ಕೆ ಹಾರಿತು, ನಾನು ಬೆನ್ನಡಿಯಾಗಿ ಬಿದ್ದೆ. ಬಿದ್ದಲ್ಲಿಂದಲೇ “ಇದೇ ಭೂಕಂಪ!” ಎಂದು ಕೂಗಿದೆ. ಅಳಿಯನ ತಲೆಗೆ ಪೆಟ್ಟಾಗಿದೆ ಎಂದು ಯಾರೋ ನೀರು ತಂದರು.

ದೋಣಿಯನ್ನು ದಿಬ್ಬದ ಮೇಲಿಟ್ಟ ಮರದ ದಿಮ್ಮಿಗಳಿಗೆ ಹತ್ತಿಸಿ ಎಲ್ಲರೂ ಚಹಾಕ್ಕೆ ಹೋದರು. ಜಾರಲು ಸುಲಭವಾಗಲಿ ಎಂದು ದಿಮ್ಮಿಗಳಿಗೆ ಮೀನೆಣ್ಣೆ ಸವರಿರುತ್ತಾರೆ. ನಾನು ಒಬ್ಬನೇ ನಿಂತು ನೋಡುತ್ತಿದ್ದೆ. ದೋಣಿ ಹಿಂದಕ್ಕೆ, ಕಡಲಿನ ಕಡೆಗೆ, ಸರಿಯುತ್ತಿತ್ತು. ಬರಿಗಣ್ಣಿಗೆ ಗೊತ್ತೇ ಆಗದಷ್ಟು ಮೆಲ್ಲಗೆ. ನಾನು ಮರಳಿನಲ್ಲಿ ಒಂದು ಕಡ್ಡಿ ಚುಚ್ಚಿ ಅದರ ನೇರಕ್ಕೆ ಅಳೆಯತೊಡಗಿದೆ. ಎಷ್ಟು ಚೆನ್ನಾಗಿ ಜಾರುತ್ತಿತ್ತು! ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದವರು ನೋಡಿ ಕಿರುಚಿದರು.

“ಹ್ವಾಯ್! ದೋಣಿ ಹೋತಾ ಇತ್ತ್! ಓಡಿ ಬನ್ನಿ!”

ಗಂಡಸರು ಚಹಾದ ಲೋಟ ಬಿಸಾಡಿ ಓಡಿಬಂದು ಹಿಡಿದರು. ಅತ್ತೆ ಸೊಂಟಕ್ಕೆ ಕೈಕೊಟ್ಟು ನನ್ನ ಎದುರು ನಿಂತರು.

“ಅಲ್ಲ ಅಳಿಯ, ಹೋಪ್ದ್ ಕಂಡ್ರೂ ಸುಮ್ನೆ ನಿತ್ತಿದ್ರ್ಯಾ?”

“ಅಳೀತಾ ಇದ್ದೆ,” ಎಂದೆ. ಅಂಗಳದಲ್ಲಿ ಮೀನು ಹರಡುತ್ತಿದ್ದ ಹೆಂಡತಿ ಒಂದು ಸಲ ನನ್ನನ್ನು ನೋಡಿ ಮತ್ತೆ ಮೀನಿನ ಕಡೆ ತಿರುಗಿದಳು. ಅವಳ ನೋಟದಲ್ಲಿ ಸಿಟ್ಟಿರಲಿಲ್ಲ. ಹಾಗಾಗಿ ನಾನು ಅದರ ಬಗ್ಗೆ ಯೋಚಿಸಲಿಲ್ಲ.

ಮದುವೆಯಾದ ಮೇಲೆ ಸೇರಿದ್ದ ಕುಂದಾಪುರದ ಗೇರುಬೀಜದ ಕಾರ್ಖಾನೆಯ ಕೆಲಸವನ್ನು ಅವಳು ಆ ಹೊತ್ತಿಗೆ ಬಿಟ್ಟಿದ್ದಳು. ತಾಯಿಯ ಜೊತೆ, ದೋಣಿಗಳಿಂದ ಮೀನು ಇಳಿಸುವ ದಕ್ಕೆಯಲ್ಲಿ ಏಲಂಗೆ, ಅಂದರೆ ಹರಾಜಿಗೆ, ನಿಲ್ಲತೊಡಗಿದ್ದಳು. ಮನೆಯಲ್ಲಿ ಮೆಲ್ಲಗೆ ಮಾತಾಡುವವಳು ಅಲ್ಲಿ ಕೂಗಿದರೆ ಕಾಗೆಗಳು ಏಳುತ್ತವೆ ಎಂದು ಅತ್ತೆ ಹೆಮ್ಮೆಪಡುತ್ತಿದ್ದರು. ಆಸಾಡಿಗೆ ಮಾತ್ರ ಇಳಿಯುತ್ತಿದ್ದ ಕಂದು ಚೀಲ ಈಗ ತಿಂಗಳಿಗೊಮ್ಮೆ ಇಳಿಯಿತು, ಆಮೇಲೆ ಕಪಾಟಿನ ಮೇಲೆ ಹತ್ತುವುದನ್ನೇ ಬಿಟ್ಟು ಬಾಗಿಲ ಹಿಂದೆ ನಿಂತಿತು. ಹೊಲಿಗೆ ಯಂತ್ರ ರಿಪೇರಿಗೆಂದು ಹೋಯಿತು. ಬೈಂದೂರಿನಲ್ಲಿ ಒಳ್ಳೆಯ ರಿಪೇರಿಯವನಿದ್ದಾನಂತೆ. ಬಸ್ಸಿನ ಡಿಕ್ಕಿಗೆ ಅದನ್ನು ಎತ್ತಿಟ್ಟವನು ನಾನು, ಸೊಂಟ ಹಿಡಿದುಕೊಂಡು ಎರಡು ದಿನ ನರಳಿದವನೂ ನಾನೇ. ಮಿಕ್ಸಿ ಹೋಯಿತು, ಅಲ್ಲಿಯದು ಕೆಟ್ಟಿದೆ ಎಂದು. ನಾನು ಹೋಟೆಲಿನ ಚಟ್ನಿ ತಿಂದೆ, ಚೆನ್ನಾಗಿಯೇ ಇತ್ತು.

ಒಂದು ದಿನ ಜಪಾನಿನ ಒಂದು ದೊಡ್ಡ ನಕ್ಷೆ ಸಿಕ್ಕಿತು. ಹತ್ತು ಹಾಳೆ ಅಂಟಿಸಿದಷ್ಟು ಉದ್ದ. ಅದನ್ನು ಹಚ್ಚಲು ಗೋಡೆಯಲ್ಲಿ ಜಾಗವೇ ಉಳಿದಿರಲಿಲ್ಲ. ತಲೆ ಕೆರೆದುಕೊಳ್ಳುತ್ತ ಮಲಗುವ ಕೋಣೆಗೆ ಬಂದರೆ, ಅರೆ, ಕಿಟಕಿಯ ಪಕ್ಕ ಒಂದು ಗೋಡೆ ಖಾಲಿ! ಆಳೆತ್ತರದ ಜಾಗ, ಬಣ್ಣವೂ ಮಾಸಿರಲಿಲ್ಲ. ಇಷ್ಟು ದಿನ ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡು ಅಂಟು ಹಚ್ಚಿದೆ. ನಕ್ಷೆ ಅಳತೆ ಮಾಡಿಸಿದ ಹಾಗೆ ಕೂತಿತು. ಆ ಖುಷಿಯಲ್ಲಿ ಒಂದು ಚಹಾ ಮಾಡಿಕೊಂಡು ಅದರ ಎದುರು ಕೂತು ಕುಡಿದೆ.

ಅಲ್ಲಿ ಇದ್ದದ್ದು ಅವಳ ನಿಲುಗನ್ನಡಿ. ಮದುವೆಗೆ ಅವಳ ಸೋದರಮಾವ ಕೊಟ್ಟದ್ದು. ಒಂಬತ್ತು ವರ್ಷ ನಾನು ಅದರಲ್ಲೇ ನೋಡಿ ತಲೆ ಬಾಚಿಕೊಂಡಿದ್ದೆ. ಅದು ಹೋದ ಮೇಲೆ ಸ್ನಾನದ ಮನೆಯ ಚಿಕ್ಕ ಕನ್ನಡಿಯಲ್ಲಿ ಬಾಚಿಕೊಂಡೆ, ಯಾಕೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ತಲೆಯಲ್ಲಿ ಕೂದಲೂ ಅಷ್ಟೊಂದು ಉಳಿದಿರಲಿಲ್ಲ.

ಹೀಗೆ ಮಳೆಗಾಲಗಳು ಕಳೆದವು. ಬರುಬರುತ್ತ ನಾನೇ ಶನಿವಾರ ಅಲ್ಲಿಗೆ ಹೋಗುವುದೂ ರೂಢಿಯಾಯಿತು, ಅಪ್ಪನ ಹಾಗೆ. ಅವಳು ಕುಂದಾಪುರಕ್ಕೆ ಯಾವಾಗಲೋ ಬಂದು ಎರಡು ದಿನ ಇದ್ದು ಹೋಗುವಳು. ಎಲ್ಲ ಸರಿಯಾಗಿಯೇ ಇದೆ ಎಂದು ನಾನು ತಿಳಿದಿದ್ದೆ. ಜಗಳವಿಲ್ಲ, ಅಳುವಿಲ್ಲ, ಒಂದು ಪಾತ್ರೆಯೂ ಬಿದ್ದಿಲ್ಲ.

ಅದು ಎರಡು ಸಾವಿರದ ಹನ್ನೆರಡರ ಏಪ್ರಿಲ್. ಶಾಲೆಗೆ ರಜೆ ಬಿದ್ದಿದ್ದರೂ ನಾನು ಬಾಕಿ ಕೆಲಸಕ್ಕೆ ಬ್ರಹ್ಮಾವರಕ್ಕೆ ಹೋಗಿದ್ದೆ. ಮಧ್ಯಾಹ್ನ ಊಟ ಮಾಡುತ್ತಿದ್ದಾಗ ಹೋಟೆಲಿನ ಟೀವಿಯಲ್ಲಿ ಕೆಂಪು ಅಕ್ಷರ ಓಡಿತು. ಸುಮಾತ್ರಾದ ಹತ್ತಿರ ಕಡಲಡಿಯಲ್ಲಿ ಭಾರೀ ಭೂಕಂಪ, ಸುನಾಮಿಯ ಎಚ್ಚರಿಕೆ. ಸುತ್ತಲಿನವರು ನನ್ನ ಮುಖ ನೋಡಿದರು. ಇಷ್ಟು ವರ್ಷ ಶಾಲು ಹೊದ್ದು ಭಾಷಣ ಮಾಡಿದವನು ಈಗ ಏನಾದರೂ ಹೇಳಬೇಕಲ್ಲ. ಅಲೆ ಎಷ್ಟು ಹೊತ್ತಿಗೆ ಬರಬಹುದು, ನಮ್ಮ ಕಡೆಗೆ ಸುತ್ತಿ ಬಂದೀತೋ ಇಲ್ಲವೋ, ನೆಲ ಮೇಲೆದ್ದದ್ದೋ ಪಕ್ಕಕ್ಕೆ ಸರಿದದ್ದೋ, ಯಾವುದೂ ತಲೆಗೆ ಹೊಳೆಯಲಿಲ್ಲ. ಹೆಂಡತಿಯೊಬ್ಬಳೇ ಕಣ್ಣ ಮುಂದೆ ಬಂದಳು. ಫೋನ್ ಮಾಡಿದೆ, ಎತ್ತಲಿಲ್ಲ. ಇವತ್ತೋ ನಾಳೆಯೋ ಕುಂದಾಪುರಕ್ಕೆ ಬತ್ತೆ ಎಂದು ಹೇಳಿದ್ದಳು. ಬಂದಿರಬಹುದು. ತಟ್ಟೆ ಬಿಟ್ಟು ಎದ್ದು ಸಿಕ್ಕಿದ ಬಸ್ ಹತ್ತಿದೆ.

ಕುಂದಾಪುರದ ಮನೆಗೆ ಬೀಗವಿತ್ತು. ಬೀಗ ತೆಗೆದು ಒಳಗೆ ಹೋಗಿ ಕೂಗಿದೆ. ಅವಳಿಲ್ಲ. ಸರಿ, ಅವಳನ್ನು ಕರೆದುಕೊಂಡು ಸಿದ್ದಾಪುರದ ಕಡೆ ಗುಡ್ಡ ಹತ್ತುವುದು, ಅದಕ್ಕೆ ಮೊದಲು ಅವಳಿಗೆ ಬೇಕಾದದ್ದನ್ನೆಲ್ಲ ಕಟ್ಟಿಕೊಳ್ಳುವುದು ಎಂದು ಮಂಚದ ಅಡಿಯಿಂದ ಸೂಟ್‌ಕೇಸ್ ಎಳೆದೆ. ಮದುವೆಯ ಸೀರೆ ತೆಗೆಯೋಣ ಎಂದು ಕಪಾಟು ತೆರೆದೆ. ನನ್ನ ಪ್ಯಾಂಟು ಇತ್ತು. ಕೆಳಗಿನ ಖಾನೆಯಲ್ಲಿ ನನ್ನ ಶಾಲುಗಳಿದ್ದವು, ಯುವಕ ಮಂಡಲದವು. ಅವಳ ಒಂದು ಕರ್ಚೀಫೂ ಇರಲಿಲ್ಲ. ಅವಳ ಶಾಲೆಯ ಸರ್ಟಿಫಿಕೇಟುಗಳ ಡಬ್ಬಿ ಹುಡುಕಿದೆ, ಇಲ್ಲ. ಅವಳ ಅಮ್ಮನ ಫೋಟೋ, ಇಲ್ಲ. ಅಡಿಗೆಮನೆಗೆ ಓಡಿದೆ. ಒಂದು ತಟ್ಟೆ, ಒಂದು ಲೋಟ, ಒಂದು ಸೌಟು. ಸ್ನಾನದ ಮನೆಯಲ್ಲಿ ಒಂದು ಬ್ರಶ್. ಮನೆ ತುಂಬ ಜಪಾನ್, ಕೆನಡಾ, ನ್ಯೂಜಿಲೆಂಡ್. ತೆರೆದ ಸೂಟ್‌ಕೇಸಿನ ಮುಂದೆ ನಾನು ನೆಲದ ಮೇಲೆ ಕೂತುಬಿಟ್ಟೆ. ಮುಳುಗುವ ಮನೆಯಿಂದ ಹೆಂಡತಿಯದೆಂದು ಎತ್ತಿಕೊಳ್ಳಲು ಒಂದು ವಸ್ತುವೂ ನನ್ನ ಮನೆಯಲ್ಲಿರಲಿಲ್ಲ. ಅಳು ಬಂತು, ಅತ್ತುಬಿಟ್ಟೆ.

ಸೂಟ್‌ಕೇಸ್ ಮುಚ್ಚಿ ಹಿಡಿದುಕೊಂಡು ಬೈಂದೂರು ಬಸ್ಸಿಗೆ ಓಡಿದೆ. ಸೂಟ್‌ಕೇಸ್ ಖಾಲಿ ಎಂಬುದು ಬಸ್ಸು ಹೊರಟ ಮೇಲೆ ನೆನಪಾಯಿತು. ಕಂಡಕ್ಟರ್ ಎಳೆಯ ಪ್ರಾಯದವನು, ಮೊಬೈಲಿನಲ್ಲಿ ಸುದ್ದಿ ಕೇಳುತ್ತಿದ್ದ.

“ಎಲ್ಲರೂ ಕಡಲ್ ಬಿಟ್ಟ್ ಓಡ್ತ್ರ್ ಅಂದ್ರೆ ನೀವ್ ಕಡಲಿಗೇ ಹೋತಾ ಇದ್ರಿಯಲೆ ಮೇಷ್ಟ್ರೇ,” ಎಂದ. ಟಿಕೆಟ್ ಹರಿದುಕೊಡುವಾಗ ಸೂಟ್‌ಕೇಸನ್ನು ಕಾಲಿನಿಂದ ಬದಿಗೆ ತಳ್ಳಿದ. ಅದು ಹಗುರಕ್ಕೆ ಬಾಗಿಲಿನವರೆಗೂ ಜಾರಿಕೊಂಡು ಹೋಯಿತು.

ನಾನು ತಲುಪುವಷ್ಟರಲ್ಲಿ ಎಚ್ಚರಿಕೆ ಹಿಂದೆ ತೆಗೆದುಕೊಂಡಾಗಿತ್ತು. ಅಲ್ಲಿ ನೆಲ ಮೇಲೆ ಕೆಳಗೆ ಹಾರಿರಲಿಲ್ಲ, ಅಡ್ಡಕ್ಕೆ ಉಜ್ಜಿಕೊಂಡು ಸರಿದಿತ್ತು. ಅಡ್ಡ ಸರಿದರೆ ನೀರು ಅಷ್ಟಾಗಿ ಏಳುವುದಿಲ್ಲ. ಇದನ್ನು ನಾನು ಎಷ್ಟು ಶಾಲೆಗಳಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದೇನೋ ಲೆಕ್ಕವಿಲ್ಲ. ಕಡಲು ದಿನದಂತೆ ಇತ್ತು. ಅತ್ತೆ ಜಗಲಿಯಲ್ಲಿ ಕೂತು ವೀಳ್ಯ ಹಾಕುತ್ತಿದ್ದರು.

“ಎಂತಾ ಅಳಿಯ, ಖಾಲಿ ಪೆಟ್ಟಿಗಿ ತಕಂಡ್ ಬಂದ್ರ್ಯಾ? ಅಲೆ ತುಂಬ್ಸ್‌ಕಂಡ್ ಹೋಪುಕಾ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ. ಅವರು ನಗು ನಿಲ್ಲಿಸಿ, ಮಗಳು ಹಿಂದೆ ಮೀನು ತೆಗೆಯುತ್ತಿದ್ದಾಳೆ ಎಂದು ಕೈ ತೋರಿಸಿದರು.

ಅವಳು ಚಾಪೆಯ ಮೇಲೆ ಒಣಗಿದ ಮೀನನ್ನು ಬುಟ್ಟಿಗೆ ತುಂಬುತ್ತಿದ್ದಳು. ಫೋನ್ ಪಕ್ಕದ ಕಲ್ಲಿನ ಮೇಲಿತ್ತು, ಅದರ ಮೇಲೂ ಮೀನು. ನಾನು ಸೂಟ್‌ಕೇಸ್ ಕೆಳಗಿಟ್ಟೆ.

“ಮನೆಯಲ್ಲಿ ನಿನ್ನದ್ ಎಂತದೂ ಇಲ್ಲ,” ಎಂದೆ.

ಅವಳು ತಲೆ ಎತ್ತಿದಳು. “ಈಗ ಕಂಡ್ರ್ಯಾ?”

“ಯಾವಾಗ ತಂದದ್ದ್?”

“ನಾನ್ ತಂದದ್ದಾ? ಎಲ್ಲ ನೀವೇ ಹೊತ್ಕಂಡ್ ಬಂದ್ ಬಸ್ಸಿಗೆ ಹಾಕಿ ಕೊಟ್ಟದ್ದ್ ಅಲ್ದಾ. ಕನ್ನಡಿಗೆ ಹಳೇ ಸೀರೆ ಸುತ್ತಿ, ಒಡಿತ್ ಅಂದೇಳಿ ಸೀಟಿಗೆ ಒರ್ಗ್ಸಿ ಹಿಡ್ಕೋ ಅಂದ್ರಿ.”

ಹೌದು, ಹಾಗೆ ಹೇಳಿದ್ದೆ. ಆ ಕಂದು ಚೀಲದ ಉದ್ದಕ್ಕೆ ಕನ್ನಡಿ ಹಿಡಿಯಲಿಲ್ಲವೆಂದು ಹಗ್ಗ ಕಟ್ಟಿದ್ದೂ ನಾನೇ. ಅಲ್ಲಿ ಹಳೆಯ ಕನ್ನಡಿ ಒಡೆದಿದೆ ಎಂದು ಅವಳು ಹೇಳಿದ್ದಳೋ, ನಾನೇ ಅಂದುಕೊಂಡೆನೋ, ನೆನಪಿಲ್ಲ. ಅವತ್ತು ಸೈಬರ್ ಕೆಫೆಗೆ ತಡವಾಗುತ್ತದೆ ಎಂಬ ಅವಸರ ಮಾತ್ರ ನೆನಪಿದೆ.

“ಸಿಟ್ಟಾ ನನ್ನ ಮೇಲೆ?”

“ಸಿಟ್ಟ್ ಬಂದಿದ್ರೆ ಎಲ್ಲ ಕಟ್ಕಂಡ್ ಒಂದೇ ದಿನ ಬತ್ತಿದ್ದೆ,” ಎಂದಳು. ಸ್ವಲ್ಪ ಹೊತ್ತು ಮೀನು ತುಂಬಿದಳು. “ಆ ಮನೆಯಲ್ಲ್ ಮಾತಾಡುಕೆ ಜನ ಇಲ್ಲ. ಗೋಡಿ ಮೇಲ್ ಜಪಾನ್ ಇತ್ತ್, ನಾನಿಲ್ಲ. ಮಕ್ಕಳ್ ಆಯ್ಲಿಲ್ಲ. ಅದ್ರ ಬಗ್ಗೆ ಒಂದ್ ಸಲ ಎಂತಾರೂ ಹೇಳ್ತ್ರಿ ಅಂದೇಳಿ ಕಾದೆ. ನೀವ್ ಭೂಮಿ ಬಗ್ಗೆ ಹೇಳಿದ್ರಿ.”

ನನ್ನ ಜೀವಮಾನದಲ್ಲಿ ಅಷ್ಟು ಚಿಕ್ಕ ಭಾಷಣ ನನ್ನನ್ನು ಅಷ್ಟು ಅಲುಗಿಸಿದ್ದಿಲ್ಲ. ನಾನು ಚಾಪೆಯ ಅಂಚಿನಲ್ಲಿ ಕೂತೆ. ಏನಾದರೂ ಹೇಳಬೇಕಿತ್ತು. ನನಗೂ ಮಗು ಬೇಕಿತ್ತು ಎಂದೆ. ಆ ಸಣ್ಣ ಕೋಣೆಗೆ ಉತ್ತರಪತ್ರಿಕೆಯ ಕಟ್ಟು ಹೊತ್ತುಹಾಕಿದ ದಿನ ನಾನು ಶಾಲೆಗೆ ಹೋಗದೆ ಕುಂದಾಪುರದ ಸಂಗಮದ ಸೇತುವೆಯ ಮೇಲೆ ನಿಂತಿದ್ದೆ ಎಂದೆ. ಅದು ಅವಳಿಗೆ ಗೊತ್ತಿರಲಿಲ್ಲ. ಅವಳ ಕೈ ಬುಟ್ಟಿಯಲ್ಲೇ ನಿಂತಿತು. ಕಣ್ಣು ತುಂಬಿತ್ತು, ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಮೀನು. ನನ್ನ ಕರ್ಚೀಫ್ ಕೊಟ್ಟೆ.

“ಈ ಜಾರಿದ್ದ್,” ಎಂದು ನಾನು ಕೊನೆಗೆ ಕೇಳಿದೆ, “ಒಳ್ಳೇದಾ, ಕೆಟ್ಟದ್ದಾ?”

ಅವಳು ಚಾಪೆಯಲ್ಲಿ ಉಳಿದ ಮೀನನ್ನೆಲ್ಲ ಬುಟ್ಟಿಗೆ ತುಂಬಿದಳು. ಅಷ್ಟು ಹೊತ್ತು ನಾನು ಯಾವ ಉತ್ತರಕ್ಕೂ ಕಾದದ್ದಿಲ್ಲ.

“ನಂಗೂ ಗೊತ್ತಿಲ್ಲ,” ಎಂದಳು. “ಕೇಂಡ್ರಿಯಲೆ. ಇವತ್ತಿಗ್ ಅದ್ ಸಾಕ್. ಬುಟ್ಟಿ ಹಿಡೀನಿ.”

ನಾನು ಬುಟ್ಟಿಯ ಇನ್ನೊಂದು ಕಿವಿ ಹಿಡಿದೆ. ಅವಳು ಬಾ ಎಂದು ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನನಗೆ ಸಾಕಾದದ್ದು ಅಷ್ಟೇ ಜಾಗ. ಮುಂದಿನ ಶನಿವಾರದಿಂದ ನನ್ನ ಚೀಲದಲ್ಲಿ ಒಂದೊಂದು ವಸ್ತು ಹೆಚ್ಚಿಗೆ ಇರುತ್ತಿತ್ತು, ಅದು ವಾಪಸು ಕುಂದಾಪುರದ ದಾರಿ ಹಿಡಿಯುತ್ತಿರಲಿಲ್ಲ. ಮೊದಲು ಕ್ಷೌರದ ಸಾಮಾನು, ಆಮೇಲೆ ಎರಡು ಪಂಚೆ, ಚಪ್ಪಲಿ, ಚಹಾದ ಪಾತ್ರೆ. ಯಾರಿಗೂ ಗೊತ್ತಾಗಬಾರದು ಎಂದು ಬಹಳ ನಾಜೂಕಿನಿಂದ ಮಾಡುತ್ತಿದ್ದೆ. ಮೂರನೆಯ ವಾರವೇ ಅತ್ತೆ ಅಂಗಳದಿಂದ ಕೂಗಿದರು.

“ಅಳಿಯನ ಹಳೇ ಚಪ್ಲಿ ಎಲ್ಲಿಡೂದ್ ಮಗಾ, ಇನ್ನ್ ಇಲ್ಲೇ ಇಪ್ದಲ್ದಾ?”

ಜಗತ್ತಿನ ಯಾವ ಜಿಪಿಎಸ್ಸೂ ನನ್ನ ಅತ್ತೆಯ ಮುಂದೆ ನಿಲ್ಲದು.

ಕುಂದಾಪುರದ ಮನೆ ಬಿಟ್ಟ ದಿನ ಉಳಿದದ್ದು ಗೋಡೆಯ ನಕ್ಷೆಗಳು ಮಾತ್ರ. ಕಿತ್ತು ಸುರುಳಿ ಸುತ್ತಿ ತಂದೆ. ಹಾಳೆಯ ಹಿಂಬದಿ ಖಾಲಿ ಇತ್ತು, ಒಳ್ಳೆಯ ದಪ್ಪ ಕಾಗದ. ಅತ್ತೆ ಅದರಲ್ಲಿ ಒಣಮೀನು ಕಟ್ಟಿ ಕೊಡತೊಡಗಿದರು. ಹಾಲಾಡಿಯ ಸಂತೆಗೆ ಹೋದ ಜಪಾನಿನ ಜಾರಿಕೆಯಲ್ಲಿ ಸುತ್ತಿದ ಬಂಗುಡೆ ಯಾರ ಮನೆ ಸೇರಿತೋ ಗೊತ್ತಿಲ್ಲ. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಹಾಳೆಯನ್ನು ಅಡಗಿಸಿ ಇಟ್ಟುಕೊಂಡಿದ್ದೇನೆ.

ಅವಳ ಕೋಣೆಯಲ್ಲಿ ಆ ನಿಲುಗನ್ನಡಿ ಗೋಡೆಗೆ ಒರಗಿ ನಿಂತಿದೆ. ನನ್ನ ಸಾಮಾನೆಲ್ಲ ಬಂದ ಸಂಜೆ, ಅಂಗಿ ತೂಗಹಾಕಲು ಒಂದು ಮೊಳೆ ಹೊಡೆಯುತ್ತೇನೆ ಎಂದು ಸುತ್ತಿಗೆ ಕೇಳಿದೆ. ಆ ಕೋಣೆಯಲ್ಲಿ ಎಷ್ಟೋ ಶನಿವಾರ ಮಲಗಿದ್ದೇನೆ, ಅಂಗಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಸೋಮವಾರ ಹಾಕಿಕೊಂಡು ಹೊರಟಿದ್ದೇನೆ. ಅವಳು ಸುತ್ತಿಗೆ ತರಲಿಲ್ಲ. ಕನ್ನಡಿಯ ಪಕ್ಕ, ನನ್ನ ಭುಜದ ಎತ್ತರಕ್ಕೆ, ಗೋಡೆಯನ್ನು ಬೆರಳಿನಿಂದ ತೋರಿಸಿದಳು. ಅಲ್ಲೊಂದು ಮೊಳೆ ಇತ್ತು. ಕಡಲ ಗಾಳಿಗೆ ಕೆಂಪಗೆ ತುಕ್ಕು ಹಿಡಿದು ಅರ್ಧ ಸವೆದಿತ್ತು.

“ಇದ್ ಯಾವುದಕ್ಕೆ ಹೊಡ್ದದ್ದ್?”

“ನಿಮ್ ಅಂಗಿಗೆ,” ಎಂದಳು. “ಕನ್ನಡಿ ತಂದ ದಿನವೇ.”

ನಾನು ಅಂಗಿ ಬಿಚ್ಚಿ ಅದಕ್ಕೆ ತೂಗಹಾಕಿದೆ. ಅವತ್ತಿನಿಂದ ನನ್ನ ಎಲ್ಲ ಬಿಳಿ ಅಂಗಿಗಳ ಕುತ್ತಿಗೆಯ ಹಿಂದೆ ತುಕ್ಕಿನ ಒಂದು ಕಲೆ ಇದೆ. ಶಾಲೆಯಲ್ಲಿ ಮಕ್ಕಳು ಹಿಂದಿನಿಂದ ನೋಡಿ ಕಿಸಕ್ಕನೆ ನಗುತ್ತಿದ್ದರು. ಒಂದು ಹೊಸ ಮೊಳೆ ಹೊಡೆದುಕೊಳ್ಳಬಾರದೇ ಎಂದು ಪಂಡಿತರು ಕೇಳಿದರು. ಹೊಡೆಯುತ್ತೇನೆ ಎಂದೆ. ಇನ್ನೂ ಹೊಡೆದಿಲ್ಲ.